ಕಾವಲಿಗಿದ್ದ ದೊಡ್ಡಪ್ಪ

ಕ್ಯಾಮೆರಾ ಕೂಡಿಸಲು ಬಂದವನು ಏಣಿ ಒರಗಿಸುವ ಮೊದಲೇ ಕೇಳಿದ: "ಅಕ್ಕಾರ, ಮನ್ಯಾಗ ಎಷ್ಟ ಮಂದಿ ಇರ್ತೀರಿ? ಮನಿ ಖಾಲಿ ಇರೂದು ಯಾವಾಗ?"

ನೀವೇ ಹೇಳಿ, ಇದು ಕ್ಯಾಮೆರಾದವನು ಕೇಳುವ ಪ್ರಶ್ನೆಯೋ, ಕಳ್ಳ ಕೇಳುವ ಪ್ರಶ್ನೆಯೋ? ಯಾವ ಹೊತ್ತಿಗೆ ಮೊಬೈಲಿಗೆ ಸುದ್ದಿ ಬರಬೇಕೆಂದು ತಿಳಿಯಲು ಕೇಳಿದ್ದಂತೆ. ಇರಬಹುದು. ಆದರೆ ನನ್ನದು ಹುಟ್ಟಾ ಸಂಶಯದ ಸ್ವಭಾವ. ಹಾಲಿನವನು ಗೇಟಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಅವನ ಕಣ್ಣು ಎತ್ತ ಹೋಯಿತೆಂದು ನೋಡುವವಳು ನಾನು. "ಬಾಳ ಮಂದಿ ಅದೇವಿ" ಎಂದುಬಿಟ್ಟೆ. ಬೆಂಗೇರಿಯ ಈ ಮನೆಯಲ್ಲಿ ಈಗ ಇರುವವಳು ನಾನೊಬ್ಬಳೇ. ಬಾಯಿಗೆ ಬಂದ ಆ ಉತ್ತರ ನನ್ನದಲ್ಲ, ತೀರಿಹೋದ ಅವ್ವನದು.

ಅಪ್ಪ ಹೋದಾಗ ಅಕ್ಕ ಹೈಸ್ಕೂಲಿನಲ್ಲಿದ್ದಳು, ನಾನು ಇನ್ನೂ ಕನ್ನಡ ಶಾಲೆಯಲ್ಲಿದ್ದೆ. ಅವ್ವ ಶಿಕ್ಷಕಿ. ಆಗ ನಮ್ಮ ಮನೆಯ ಮುಂದೆ ಬರೀ ಹೊಲ. ಪಕ್ಕದ ಓಣಿಯ ಒಂದು ಮನೆಗೆ ಕಳ್ಳರು ಹಾಡಹಗಲೇ ನುಗ್ಗಿ, ಬಚ್ಚಲ ಹಂಡೆಯನ್ನೂ ಬಿಡದೆ ಬಳಿದುಕೊಂಡು ಹೋದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬಂತೆ, ಸುತ್ತಲಿನವರೆಲ್ಲ ದೊಡ್ಡ ದೊಡ್ಡ ಬೀಗ ತಂದರು. ಅವ್ವ ಮಾತ್ರ, "ಮುಂದಿನ ಬಾಗಲಕ್ಕ ಬೀಗ ಅಂದ್ರ ಮನ್ಯಾಗ ಯಾರೂ ಇಲ್ಲಂತ ಬೋರ್ಡ್ ಹಾಕಿದಂಗ" ಎಂದಳು. ಅವಳು ತಂದದ್ದು ಗಂಡಸರ ಒಂದು ಜೋಡಿ ಚಪ್ಪಲಿ, ಒಂದು ಧೋತರ, ಅವೆರಡಕ್ಕೂ ಹೊಂದುವ ಒಬ್ಬ ಮನುಷ್ಯ. ಆತ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ. ಅಪ್ಪನಿಗೆ ಅಣ್ಣನೇ ಇರಲಿಲ್ಲ.

ದಿನಾ ಮುಂಜಾನೆ ಅವ್ವ ಮತ್ತು ನಾನು ಮುಂಬಾಗಿಲಿನಿಂದ ಹೊರಬೀಳುತ್ತಿದ್ದೆವು. ಅವ್ವ ಒಳಗೆ ಮುಖ ಮಾಡಿ, ಓಣಿಗೆಲ್ಲ ಕೇಳುವ ಹಾಗೆ, "ಭಾವಾರ, ನಾವು ಸಾಲಿಗೆ ಹೊಂಟ್ವಿ. ಚಿಲಕಾ ಹಾಕ್ಕೋರಿ" ಎನ್ನುವಳು. ಒಳಗಿದ್ದ ಅಕ್ಕ ಚಿಲಕ ಹಾಕಿ, ಗಂಟಲು ದಪ್ಪ ಮಾಡಿ ಕೆಮ್ಮುವಳು. ಆಮೇಲೆ ಹಿತ್ತಲ ಬಾಗಿಲಿಗೆ ಬೀಗ ಹಾಕಿ, ಹಿಂದಿನ ಸಂದಿಯಿಂದ ನುಸುಳಿ ಬಸ್‌ಸ್ಟಾಪಿನಲ್ಲಿ ನಮ್ಮನ್ನು ಕೂಡಿಕೊಳ್ಳುವಳು. ಆ ಕೆಮ್ಮನ್ನು ನಾನೂ ಒಮ್ಮೆ ಪ್ರಯತ್ನಿಸಿದೆ. ಬೆಕ್ಕಿನ ಗಂಟಲಿಗೆ ಮುಳ್ಳು ಸಿಕ್ಕಂತಾಯಿತೆಂದು ಅವ್ವ ಮತ್ತೆ ಬಿಡಲಿಲ್ಲ.

ದೊಡ್ಡಪ್ಪನನ್ನು ಸಾಕುವುದು ಸುಲಭವಿರಲಿಲ್ಲ. ಯಾರೂ ಉಡದ ಧೋತರವನ್ನು ವಾರವಾರ ಒಗೆದು ಅಂಗಳದ ತಂತಿಗೆ ಹಾಕುವುದು ನನ್ನ ಪಾಲಿನ ಕೆಲಸ. "ಹೊಲಸ ಆಗಿಲ್ಲಲ್ಲವಾ" ಎಂದರೆ, "ಅದು ಕಳ್ಳರಿಗೆ ಏನ ಗೊತ್ತು, ಹಿಂಡು" ಎನ್ನುವಳು. ಇತ್ತ ಪಕ್ಕದ ಮನೆಯ ಗಂಗಕ್ಕ ಬೇರೆ. ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಎಷ್ಟು ಮಂದಿಗೆ ಅಡಿಗೆ ನಡೆದಿದೆ ಎಂದು ಹೇಳಬಲ್ಲ ಹೆಂಗಸು. "ಅಕ್ಕೋರ, ನಿಮ್ಮ ಭಾವಾರು ರೊಟ್ಟಿ ಉಣ್ಣೂದಿಲ್ಲೇನ್ರಿ?" ಎಂದು ಒಂದು ದಿನ ಕೇಳಿಯೇಬಿಟ್ಟಳು. ಮರುದಿನದಿಂದ ಅವ್ವ ದೊಡ್ಡಪ್ಪನ ರೊಟ್ಟಿಯನ್ನೂ ಬಡಿಯತೊಡಗಿದಳು. ಅವು ಒಣಗಿ ಖಡಕ್ಕಾಗಿ ನನ್ನ ಡಬ್ಬಿಗೆ ಬರುತ್ತಿದ್ದವು.

ಕಳ್ಳರ ಮೇಲೆ ನಮಗೆ ಸಂಶಯ, ನಮ್ಮ ಮೇಲೆ ಓಣಿಗೆ ಸಂಶಯ. ಹೀಗೇ ವರ್ಷಗಳು ಹೋದವು. ಅಕ್ಕನಿಗೆ ಅಮ್ಮಿನಬಾವಿಯ ಸಂಬಂಧ ಬಂತು. ಹುಡುಗ ಅವಳ ಮನಸ್ಸಿಗೆ ಬಂದಿದ್ದ. ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದಳೆಂದರೆ ನಮಗೇ ಆಶ್ಚರ್ಯ. ಎಲ್ಲ ಕೂಡಿಬಂತು ಎನ್ನುವಾಗ ಹುಡುಗನ ತಾಯಿ ಹೇಳದೆ ಕೇಳದೆ ಒಬ್ಬರೇ ಬಂದರು. ಸಂಬಂಧ ಮಾಡುವ ಮುಂಚೆ ಓಣಿಯಲ್ಲಿ ವಿಚಾರಿಸುವುದು ಪದ್ಧತಿಯಲ್ಲವೆ? ಅವರೂ ವಿಚಾರಿಸಿದ್ದರು. ಹುಡುಗಿ ಬಂಗಾರದಂಥವಳು, ಆದರೆ ಮನೆಯಲ್ಲೊಬ್ಬ ದೊಡ್ಡಪ್ಪ ಇದ್ದಾನೆ, ಅವನನ್ನು ಹೊರಗೆ ಕಂಡವರಿಲ್ಲ ಎಂದು ಹಿಟ್ಟಿನ ಗಿರಣಿಯವನು ಹೇಳಿದ್ದನಂತೆ.

ಚಹಾ ಮುಟ್ಟದೆಯೇ ಅವರು ಕೇಳಿದರು: "ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಭಾವಾರಿಗೆ ತಲಿ ನೆಟ್ಟಗಿಲ್ಲೇನು? ಮನೆತನದಾಗ ಅಂಥಾದ್ದಿದ್ರ ನಾಳೆ ನನ್ನ ಮೊಮ್ಮಕ್ಕಳಿಗೂ ಬರತೈತಿ."

ಅಂಥವನು ಇದ್ದಾನೆ ಎಂದರೆ ಅಕ್ಕನ ಮದುವೆ ಮುರಿಯುತ್ತದೆ. ಇಲ್ಲ ಎಂದರೆ, ಇದು ಬರೀ ಹೆಂಗಸರ ಮನೆ ಎಂಬುದು ಓಣಿಗೂ ಓಣಿಯಿಂದ ಕಳ್ಳರಿಗೂ ಗೊತ್ತಾಗುತ್ತದೆ. ಹೊರಗೆ ತನ್ನ ಕಟ್ಟೆಯ ಮೇಲೆ ಗಂಗಕ್ಕ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಕೈ ಮೊರದಲ್ಲಿ, ಕಿವಿ ನಮ್ಮ ಕಿಟಕಿಯಲ್ಲಿ. ಅವ್ವ ಎದ್ದು ಕಿಟಕಿ ಮುಚ್ಚಿದಳು. "ಬರ್ರಿ, ಮನಿ ಎಲ್ಲಾ ನೋಡ್ರಿ" ಎಂದಳು ಮೆಲ್ಲಗೆ. "ಯಾರೂ ಇಲ್ಲ. ಕಳ್ಳರಿಗೆ ಅಂಜಿ ನಾನ ಹುಟ್ಟಿಸಿದ ಮನಶ್ಯಾ ಅಂವ."

ಅವರು ಕೋಣೆ ನೋಡಿದರು, ಬಚ್ಚಲು ನೋಡಿದರು, ಜೋಳದ ಚೀಲಗಳ ಹಿಂದೆ ಬಗ್ಗಿ ನೋಡಿದರು. ಆದರೂ ನಂಬಲಿಲ್ಲ. "ನಾ ಬರೂದು ಕಂಡು ಎಲ್ಲೆರೆ ಕಳಿಸಿರಬೇಕು" ಎಂದರು. ಇಲ್ಲದವನನ್ನು ಇಲ್ಲವೆಂದು ತೋರಿಸುವುದು ಹೇಗೆ?

ಅಷ್ಟರಲ್ಲಿ ಅಡಿಗೆಮನೆಯಿಂದ ದಪ್ಪ ಕೆಮ್ಮು ಕೇಳಿತು. ಆ ತಾಯಿ ಧಡಕ್ಕನೆ ಒಳಗೆ ನುಗ್ಗಿದರು. ಒಲೆಯ ಹತ್ತಿರ ಅಕ್ಕ ನಿಂತಿದ್ದಳು, ಕಣ್ಣ ತುಂಬ ನೀರು. ಅವರ ಮುಖ ನೋಡುತ್ತಲೇ ಇನ್ನೊಮ್ಮೆ ಕೆಮ್ಮಿದಳು. "ನಾನ ರೀ ದೊಡ್ಡಪ್ಪ" ಎಂದಳು.

ಅವರು ಹೊರಗೆ ಬಂದು ಆರಿಹೋದ ಚಹಾ ಕುಡಿದು, ಚೀಲ ಎತ್ತಿಕೊಂಡು ಹೊರಟೇಬಿಟ್ಟರು. ಎಲ್ಲ ಮುಗಿಯಿತೆಂದು ಅವ್ವ ಗೋಡೆ ಹಿಡಿದು ನಿಂತಳು. ಆ ತಾಯಿ ಮೆಟ್ಟಿಲಿಳಿದು, ಗಂಗಕ್ಕನ ಕಡೆ ಒಮ್ಮೆ ನೋಡಿ, ತಿರುಗಿ ನಮ್ಮ ಬಾಗಿಲಿಗೆ ಮುಖ ಮಾಡಿದರು. ಓಣಿಗೆಲ್ಲ ಕೇಳುವಂಥ ದನಿಯಲ್ಲಿ ಹೇಳಿದರು: "ಬರ್ತೇನ್ರಿ ಅಣ್ಣಾರ. ನಿಮ್ಮ ಕೂಡ ಮಾತಾಡಿ ಸಮಾಧಾನ ಆತು. ಮದಿವಿ ಲಗೂನ ಮಾಡೂಣು."

ಅವ್ವ ಬಾಗಿಲ ಹಿಂದೆ ಕುಳಿತು ಅತ್ತುಬಿಟ್ಟಳು. ಅಪ್ಪ ಹೋದ ಮೇಲೆ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಮದುವೆಯ ದಿನ ಗಂಗಕ್ಕ ಮಂಟಪದ ತುಂಬ ದೊಡ್ಡಪ್ಪನನ್ನು ಹುಡುಕಾಡಿದಳು. ಅವಳಿಗೂ ಬೀಗತಿಯೇ ಉತ್ತರ ಕೊಟ್ಟರು. "ಕಳ್ಳರು ಹುಡುಕೂದ ಮದಿವಿ ಮನಿ ಅಲ್ಲೇನವಾ? ಅಣ್ಣಾರು ಮನಿ ಕಾಯಾಕ ಕುಂತಾರ."

ಇದನ್ನೆಲ್ಲ ನೆನೆಯುತ್ತ ಕುಳಿತಾಗ ಕ್ಯಾಮೆರಾದವನು ಕೆಲಸ ಮುಗಿಸಿ ಬಂದು, ನನ್ನ ಮೊಬೈಲಿನಲ್ಲಿ ನನ್ನದೇ ಅಂಗಳ ತೋರಿಸಿದ. "ಏನರೆ ಆದ್ರ ಸುದ್ದಿ ಹೋಗಾಕ, ಮನ್ಯಾಗಿನ ಉಳಿದವರ ನಂಬರ ಹೇಳ್ರಿ" ಎಂದ. ಮತ್ತೊಂದು ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಯಾಕೋ ಅಕ್ಕನ ಅತ್ತೆಯ ಅಂದಿನ ದನಿ ಕಿವಿಯಲ್ಲಿ ತುಂಬಿಕೊಂಡಿತ್ತು. ಯಾರೋ ಒಬ್ಬರಿಗಾದರೂ ಗೊತ್ತಿರಲಿ ಎನಿಸಿತು.

"ಉಳಿದವರು ಯಾರೂ ಇಲ್ಲ. ನಾ ಒಬ್ಬಾಕಿನ ಇರೂದು" ಎಂದೆ. ಹೇಳಿದ ಕೂಡಲೇ ಅವನ ಕಣ್ಣು ಎತ್ತ ಹೋಯಿತೆಂದು ನೋಡಿದೆ.

ಅವನು ತೆರೆದಿದ್ದ ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದ. "ನನ್ನ ಮುಂದ ಹೇಳಿದ್ರಿ, ಆತು. ಇನ್ನ ಯಾರ ಮುಂದೂ ಹೇಳಬ್ಯಾಡ್ರಿ, ಅಕ್ಕಾರ."