ಮೊಲಕ್ಕೆ ಇಟ್ಟ ಗಜ್ಜರಿ

ಮೊನ್ನೆ ಚಿತ್ತಾಪುರದ ಬಸ್ ನಿಲ್ದಾಣದಲ್ಲಿ ನೆಲ ಒರೆಸಿ ಹೋಗಿದ್ದರು. ಫಿನಾಯಿಲ್ ವಾಸನೆ ಮೂಗಿಗೆ ಬಡಿಯಿತು. ಮಂದಿಗೆ ಆ ವಾಸನೆಯಿಂದ ಆಸ್ಪತ್ರೆ ನೆನಪಾಗುತ್ತದೆ. ನನಗೆ ನೆನಪಾಗುವುದು ನಮ್ಮ ಪಕ್ಕದ ಮನೆಯ ಕಂಪೌಂಡರ್. ಹಿರಿಯ, ಅದರಲ್ಲೂ ತೀರಿಕೊಂಡವ, ‘ಅವರು’ ಎಂದೇ ಬರೆಯಬೇಕು. ಆದರೆ ಇಷ್ಟು ವರ್ಷವಾದರೂ ನನಗೆ ಮನಸ್ಸು ಬರುವುದಿಲ್ಲ.

ಆಗ ನಾವು ರಾವೂರಿನಲ್ಲಿ, ಕೈಬಿಟ್ಟ ಒಂದು ಕಲ್ಲಿನ ಖಣಿಯ ಬದಿಗೆ ಮನೆ ಮಾಡಿಕೊಂಡಿದ್ದೆವು. ಕಂಪೌಂಡರ್ ದನದ ದವಾಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದ. ಡಾಕ್ಟರ್ ಹೇಳಿದ ಔಷಧ ಕಲಸಿಕೊಟ್ಟು, ಎಮ್ಮೆಯ ಬಾಲ ಹಿಡಿದು ನಿಂತದ್ದಷ್ಟೇ ಅವನ ಕೆಲಸ. ಮಾತು ಕೇಳಿದರೆ ಮಾತ್ರ ಡಾಕ್ಟರೇ ಇವನ ಕೈಕೆಳಗೆ ಕಲಿತವರು ಅನ್ನಬೇಕು. ಎಲ್ಲದಕ್ಕೂ ಫಿನಾಯಿಲ್ ಹಾಕುವ ಚಟ ಬೇರೆ. ತುಳಸಿ ಕಟ್ಟೆಯನ್ನೂ ಬಿಟ್ಟಿರಲಿಲ್ಲ.

ನಮ್ಮ ಮನೆಯಲ್ಲಿ ಒಂದು ಬಿಳಿ ಮೊಲ ಇತ್ತು. ಮಾವ ಶಹಾಬಾದ್ ಸಂತೆಯಿಂದ ತಂದು ಅತ್ತೆಯ ಉಡಿಯಲ್ಲಿ ಇಟ್ಟದ್ದು. ಅದಾಗಿ ಆರು ತಿಂಗಳಿಗೆ ಮಾವ ಹೋಗಿಬಿಟ್ಟರು. ಆಮೇಲೆ ಅತ್ತೆ ಯಾರ ಹತ್ತಿರವೂ ಹೆಚ್ಚು ಮಾತಾಡಲಿಲ್ಲ. ಊಟಕ್ಕೆ ಕುಳಿತಾಗ ಜೋಳದ ರೊಟ್ಟಿ ಕಚ್ಚಿ, ಉಳಿದ ಅಂಚನ್ನು ಪಕ್ಕದಲ್ಲಿ ಕುಳಿತ ಮೊಲಕ್ಕೆ ಕೊಡುವುದು, ಅದು ತಿಂದ ಮೇಲೆ ಇನ್ನೊಂದು ತುತ್ತು… ಹಾಗೆ ಒಂದು ರೊಟ್ಟಿ ಮುಗಿಯುತ್ತಿತ್ತು.

ಒಂದು ಮುಂಜಾನೆ ಮೊಲ ಕಾಣಲಿಲ್ಲ. ಖಣಿಯ ಜಾಲಿಕಂಟಿಯೊಳಗೆ ಬಿಳಿಯದೇನೋ ಸರಿದಾಡಿದ್ದನ್ನು ನಾನೇ ನೋಡಿದೆ. ಹಿಡಿಯಲು ಹೋದರೆ ಕಲ್ಲಿನ ಸಂದಿಗೆ ಸೇರಿಕೊಂಡಿತು. ಖಣಿಯಲ್ಲಿ ನಾಯಿಗಳಿದ್ದವು. ಅತ್ತೆ ಅಂದಿನಿಂದ ಚಹಾ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಎರಡನೆಯ ದಿನಕ್ಕೆ ಹಾಸಿಗೆ ಹಿಡಿದರು.

“ಏನೂ ಚಿಂತಿ ಮಾಡಬ್ಯಾಡ್ರಿ. ಪ್ರಾಣಿ ಮನಸ ನನಗ ಗೊತ್ತಿಲ್ಲಂದ್ರ ಮತ್ತ್ಯಾರಿಗ್ ಗೊತ್ತಿರ್ತದ?” ಎಂದು ಕಂಪೌಂಡರ್ ಬಂದ. ವಾಡಿಯ ವೆಲ್ಡಿಂಗ್ ಅಂಗಡಿಯಿಂದ ಬಾಗಿಲು ಬೀಳುವ ಕಬ್ಬಿಣದ ಬೋನು ತಂದ. ಒಳಗೆ ಇಡಲು ಗಜ್ಜರಿ ತಂದ. ಮೊಲ ಎಂದರೆ ಗಜ್ಜರಿ, ಶಾಲೆಯ ಗೋಡೆಯ ಮೇಲೂ ಹಾಗೇ ಬರೆದಿರುತ್ತದಲ್ಲ! ಅವನ ವಿದ್ಯೆ ಆ ಗೋಡೆಯಿಂದ ಈಚೆಗೆ ಬಂದಿರಲಿಲ್ಲ. ಬೋನನ್ನು ಫಿನಾಯಿಲ್‌ನಿಂದ ತೊಳೆದು, ಗಜ್ಜರಿ ಇಟ್ಟು, ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತ. ಸದ್ದು ಮಾಡಬೇಡಿರೆಂದು ಇಡೀ ಓಣಿಗೆ ಕೇಳುವಂತೆ ಕೂಗುತ್ತಿದ್ದ.

ಮೊಲ ಬರಲಿಲ್ಲ. ಮರುದಿನ ಕೋಸು ಇಟ್ಟ. ಅದರ ಮರುದಿನ ಸೇಬು. ಆಮೇಲೆ ನೆನೆಸಿದ ಕಡಲೆಗೆ ಬೆಲ್ಲ ಹಚ್ಚಿ ಇಟ್ಟ. ಅದಕ್ಕೆ ಇರುವೆಗಳು ಬಂದವು. ಐದನೆಯ ದಿನ ತಿರುಗಿ ಗಜ್ಜರಿಗೇ ಬಂದು, ಮೊದಲು ತಂದದ್ದು ಹೈಬ್ರಿಡ್, ತಪ್ಪು ಗಜ್ಜರಿಯದು ಎಂದ. ದಿನಕ್ಕೊಂದು ಕಾರಣ ಹೇಳುವಾಗ ಅವನ ಮುಖದಲ್ಲಿ ನಾಚಿಕೆಯ ಗೆರೆಯೂ ಇರುತ್ತಿರಲಿಲ್ಲ. ಒಳಗೆ ನಮ್ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು.

ಅವನ ಹೆಂಡತಿಗೆ ನಾವು ಕಾಕು ಎನ್ನುತ್ತಿದ್ದೆವು. ಚಹಾ ತಂದಾಗ ಒಮ್ಮೆ ಮೆಲ್ಲಗೆ ಕೇಳಿದಳು.

“ಅದು ಯಾವಾಗರ ಗಜ್ಜರಿ ತಿಂದದ ಏನ್ರಿ? ಅಕ್ಕಾರ ಕಚ್ಚಿ ಬಿಟ್ಟ ರೊಟ್ಟಿ ತಿಂದು ಬೆಳದದ. ಅದನ್ನ ಇಡ್ರಿ.”

“ಎಂಜಲಾ? ನನ್ನ ಬೋನಿನಾಗ ಎಂಜಲ ಇಡ್ಲ್ಯಾ? ನೀ ಒಳಗ ಹೋಗು, ನಿನಗ ಇದೆಲ್ಲ ತಿಳ್ಯಾಂಗಿಲ್ಲ.”

ಕಾಕು ಒಳಗೆ ಹೋದಳು. ಆದರೆ ಆರನೆಯ ದಿನ ಅವನು ಮಧ್ಯಾಹ್ನದ ನಿದ್ದೆಗೆ ಬಿದ್ದಾಗ ಬೋನು ಎತ್ತಿಕೊಂಡು ನಮ್ಮ ಹಿತ್ತಲಿಗೆ ಬಂದಳು. ಫಿನಾಯಿಲ್ ವಾಸನೆ ಹೋಗಲೆಂದು ಸೀಗೆಪುಡಿ ಹಾಕಿ ತಿಕ್ಕಿದಳು, ಮಣ್ಣು ಹಚ್ಚಿದಳು, ನಮ್ಮ ಎಮ್ಮೆಯ ಮೇವಿನ ಕಣಕಿ ಉಜ್ಜಿದಳು. ನಂತರ ಅತ್ತೆಯ ಪಕ್ಕ ಕುಳಿತು ಬಿಸಿ ರೊಟ್ಟಿ ಮುಂದಿಟ್ಟಳು.

“ಅಕ್ಕಾ, ನೀವು ಕಚ್ಚಿದ ರೊಟ್ಟಿನೇ ಬೇಕ್ರಿ ಅದಕ್ಕ. ನೀವು ಉಣ್ಣಲಿಲ್ಲಂದ್ರ ನಾ ಏನ್ ಇಡ್ಲಿ?”

ಅತ್ತೆ ಎದ್ದು ಕುಳಿತರು. ಒಂದು ತುತ್ತು ಮುರಿದರು. ನೀರು ಕುಡಿದು ಇಳಿಸಿದರು. ಇನ್ನೊಂದು ಕಡೆಯಿಂದ ಕಚ್ಚಿದರು… ಅಷ್ಟು ದಿನದ ಮೇಲೆ ಅವರು ಉಣ್ಣುವುದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.

ಖಣಿಯಲ್ಲಿ ಮೊಲದ ಹಿಕ್ಕೆ ಬಿದ್ದಿದ್ದ ಕಲ್ಲಿನ ಸಂದಿಯ ಎದುರು ಕಾಕು ಬೋನಿಟ್ಟಳು. ಹೊತ್ತು ಮುಳುಗುವ ಮೊದಲೇ ಬಾಗಿಲು ಬಿದ್ದ ಸದ್ದು ಕೇಳಿತು. ಒಳಗೆ ನಮ್ಮ ಮೊಲ, ಮೈಯೆಲ್ಲ ಮುಳ್ಳು, ಬಾಯಲ್ಲಿ ರೊಟ್ಟಿಯ ಚೂರು.

ಆ ಸದ್ದಿಗೆ ಕಂಪೌಂಡರ್ ಎದ್ದು ಬಂದ. ಏನು, ಎತ್ತ ಎಂದು ಕೇಳಲಿಲ್ಲ. ಬೋನನ್ನು ತಲೆಯೆತ್ತರಕ್ಕೆ ಹಿಡಿದು ಓಣಿ ತುಂಬ ತಿರುಗಿದ. “ಗಜ್ಜರಿ ವಾಸನಿ ಹತ್ತಲಿಕ್ಕ ಆರ್ ದಿನ ಬೇಕು ಅಂತ ಅಂದಿದ್ನೋ ಇಲ್ಲೋ?” ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕು ಕೈ ಹಿಡಿದಳು. “ಹೋಗ್ಲಿ ಬಿಡವ್ವ. ನಿಮ್ಮತ್ತಿ ಉಂಡ್ರಲ್ಲ.”

ಬಿಟ್ಟೆ. ಅವನು ಸಾಯುವ ತನಕ ಹೋಟೆಲ್ಲು, ಕಟ್ಟೆ, ಮದುವೆ ಮನೆ ಎನ್ನದೆ ಆ ಗಜ್ಜರಿಯ ಪ್ರತಾಪ ಹೇಳಿದ. ಎಷ್ಟೋ ಸಲ ನಾನೂ ಅಲ್ಲಿ ಕುಳಿತಿದ್ದೆ. ನಮ್ಮ ಎಮ್ಮೆಗೆ ಪುಕ್ಕಟೆ ಸೂಜಿ ಮಾಡುತ್ತಿದ್ದನಲ್ಲ, ಅದಕ್ಕೆ ಹೂಂಗುಟ್ಟುತ್ತಿದ್ದೆ. ಕಾಕು ಚಹಾ ಕೊಟ್ಟು ಒಳಗೆ ಹೋಗುತ್ತಿದ್ದಳು.

ಮೊನ್ನೆ ಚಿತ್ತಾಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದದ್ದು ಚಿಂಚೋಳಿಗೆ ಹೋಗಲು. ಗಂಡ ಸತ್ತ ಮೇಲೆ ಕಾಕು ಅಲ್ಲಿ ಮಗಳ ಮನೆಯಲ್ಲಿದ್ದಳು, ಅಲ್ಲೇ ತೀರಿಕೊಂಡಳು. ಮಾತಾಡಿಸಲು ಬಂದವರ ನಡುವೆ ಮಗಳು ಅಳುತ್ತ ಹೇಳಿದಳು, “ಅಪ್ಪ ಪ್ರಾಣಿ ಮನಸ ತಿಳ್ದಾಂವ. ಅವ್ವಗ ಪಾಪ, ಮೊಲಕ್ಕ ಏನ್ ಹಾಕ್ಬೇಕಂತನೂ ಗೊತ್ತಿರಲಿಲ್ಲ.”

ತಡೆಯಲಾಗಲಿಲ್ಲ. ಮೊಲ ಹಿಡಿದದ್ದು ನಿಮ್ಮವ್ವ ಎಂದೆ. ರೊಟ್ಟಿಯದು, ಸೀಗೆಪುಡಿಯದು, ಎಲ್ಲ ಹೇಳಿದೆ. ಅವಳು ಕಣ್ಣೊರೆಸಿಕೊಂಡು, ಸಣ್ಣ ಮಕ್ಕಳಿಗೆ ನಗುವ ಹಾಗೆ ನಕ್ಕಳು.

“ಅವ್ವನ ಮ್ಯಾಲಿನ ಪ್ರೀತಿಗೆ ಹಂಗ ಹೇಳ್ತೀರಿ, ವೈನಿ. ಖರೇನ ಆಗಿದ್ರ ಇಷ್ಟ್ ವರ್ಷ ನೀವ್ಯಾಕ ಸುಮ್ನಿದ್ರಿ?”

ಹೌದೆನ್ನಲು ಅತ್ತೆ ಇಲ್ಲ. ಅವರು ಹೋಗಿ ಮೂರು ವರ್ಷವಾಯಿತು. ಕಾಕು ಇಲ್ಲ. ಎಮ್ಮೆಯ ಸೂಜಿಗಾಗಿ ಸುಮ್ಮನಿದ್ದೆ ಎಂದು ಆ ಮನೆಯಲ್ಲಿ ಕುಳಿತು ಹೇಳಲು ನನಗೆ ಬಾಯಿ ಬರಲಿಲ್ಲ.