ಅಂತರಿಕ್ಷದ ಹಡಗಿನಲ್ಲೊಂದು ಅಡಿಗೆಮನೆ

ಮುಖ ನೋಡಿದ ಕೂಡಲೇ ಮನಸ್ಸಿನಲ್ಲಿ ಏನಿದೆಯೆಂದು ಹೇಳಬಲ್ಲವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನಗೆ ಆ ವಿದ್ಯೆ ಹತ್ತಲೇ ಇಲ್ಲ. ಮದುವೆಮನೆಯಲ್ಲಿ ಹೆಣ್ಣಿನ ತಂದೆ ಕಣ್ಣೊರೆಸಿಕೊಂಡರೆ ಅದು ಸಂತೋಷಕ್ಕೋ ಸಂಕಟಕ್ಕೋ ಎಂದು ಪಕ್ಕದಲ್ಲಿ ಕೂತವರನ್ನು ಕೇಳುವವನು ನಾನು. ಹೆಂಡತಿ ಸಿಟ್ಟಾಗಿದ್ದಾಳೆಂದು ನನಗೆ ತಿಳಿಯುವ ಹೊತ್ತಿಗೆ ಆ ಸಿಟ್ಟು ಇಳಿದು, ಇಷ್ಟು ಹೊತ್ತು ತಿಳಿಯಲಿಲ್ಲವಲ್ಲ ಎಂಬ ಎರಡನೆಯ ಸಿಟ್ಟು ಶುರುವಾಗಿರುತ್ತದೆ. ಇಂಥ ನನಗೆ ಒಂದು ಕಾಲದಲ್ಲಿ ಟಿ.ವಿ.ಯೊಳಗಿನ ಜನರ ಮನಸ್ಸನ್ನು ಬಿಡಿಸಿ ಹೇಳುವ ಕೆಲಸ ಬಂದಿತ್ತೆಂದರೆ ನೀವು ನಗುತ್ತೀರಿ. ನಗಿರಿ. ನಾನೂ ನಗುತ್ತಲೇ ಇದ್ದೆ, ಮೊನ್ನೆಯ ದೀಪಾವಳಿಯವರೆಗೆ.

ಗಡಿಯಾಚೆಯ ನಮ್ಮ ಸೀಮೆಯಲ್ಲಿ ತೊಂಬತ್ಮೂರರ ದೊಡ್ಡ ಭೂಕಂಪವಾದ ಮರುವರ್ಷದ ಮಾತು. ನಾನು ಉಮರ್ಗಾದ ಒಂದು ಮರಾಠಿ ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಮೂವತ್ತು ತುಂಬಿತ್ತು, ಮದುವೆಯಾಗಿರಲಿಲ್ಲ. ಲೋಹಾರಾದ ಕಡೆಯ ಹಳ್ಳಿಯೊಂದರಲ್ಲಿದ್ದ ನನ್ನ ಅಕ್ಕನ ಮನೆ ಕಲ್ಲುಮಣ್ಣಿನದು, ಬಿತ್ತು. ಭಾವ ಅದರಡಿಯಲ್ಲೇ ಹೋದರು. ಅಕ್ಕ ಮತ್ತು ಆಕೆಯ ಮಗಳು ಸುವರ್ಣಾ ಒಂದು ಜಜ್ಜಿಹೋದ ಟ್ರಂಕಿನೊಂದಿಗೆ ನನ್ನ ಮನೆಗೆ ಬಂದರು. ನನ್ನ ಮನೆಯ ಗೋಡೆಯೂ ಮೇಲಿಂದ ಕೆಳತನಕ ಸೀಳಿತ್ತಾದ್ದರಿಂದ ಅಂಗಳದಲ್ಲಿ ತಗಡಿನದೊಂದು ಖೋಲಿ ಎಬ್ಬಿಸಿ ಅದರಲ್ಲೇ ಸಂಸಾರ ಹೂಡಿದ್ದೆವು. ನಮ್ಮಲ್ಲಿ ತಗಡಿಗೆ ಪತ್ರಾ ಅನ್ನುತ್ತಾರೆ. ಬೇಸಿಗೆಯಲ್ಲಿ ಆ ಪತ್ರಾದ ಕೆಳಗೆ ಕೂತರೆ ಮೆದುಳು ಕುದಿಯುತ್ತಿತ್ತು. ಆದರೂ ತಲೆಯ ಮೇಲೆ ಕಲ್ಲಿಲ್ಲ ಎಂಬುದೇ ಅಕ್ಕನಿಗೆ ದೊಡ್ಡ ಸಮಾಧಾನ.

ಐತವಾರ ಬೆಳಿಗ್ಗೆ ಟಿ.ವಿ.ಯಲ್ಲಿ ಇಂಗ್ಲಿಷಿನಿಂದ ಹಿಂದಿಗೆ ಇಳಿಸಿದ ಒಂದು ಧಾರಾವಾಹಿ ಬರುತ್ತಿತ್ತು. ನಕ್ಷತ್ರಗಳ ನಡುವೆ ದಾರಿ ತಪ್ಪಿದ ಒಂದು ಹಡಗು, ಅದಕ್ಕೊಬ್ಬ ಗಡ್ಡದ ಕ್ಯಾಪ್ಟನ್, ಕೂದಲು ಗಿಡ್ಡ ಕತ್ತರಿಸಿಕೊಂಡ ಒಬ್ಬ ತರುಣಿ, ಮುಖಕ್ಕೆ ನೀಲಿ ಬಳಿದುಕೊಂಡ ಒಂದಿಬ್ಬರು ವೈರಿಗಳು. ಅವರ ತುಟಿ ನಿಂತ ಮೇಲೂ ಹಿಂದಿ ಸಾಗುತ್ತಲೇ ಇರುತ್ತಿತ್ತು. ಊಟಕ್ಕೆ ಅವರು ಡಬ್ಬಿಯಿಂದ ಗುಳಿಗೆ ತೆಗೆದು ನುಂಗುತ್ತಿದ್ದರು. "ಅಯ್ಯ ಶಿವನೇ, ರೊಟ್ಟಿ ಇಲ್ಲ, ಪಲ್ಯಾ ಇಲ್ಲ, ಬರೇ ಗುಳಗಿ ತಿಂದು ಹ್ಯಾಂಗ ಬದುಕ್ತಾವೋ!" ಎಂದು ಅಕ್ಕ ಮೊದಲ ವಾರವೇ ಮರುಗಿದಳು. ಆಕೆಯ ಹಿಂದಿ ಬಳೆಗಾರನೊಡನೆ ಜಗಳಾಡಲು ಸಾಕಾಗುವಷ್ಟು, ನಿಜಾಮನ ಕಾಲದಿಂದ ಮನೆಯಲ್ಲಿ ಉಳಿದುಬಂದದ್ದು. "ಮಹೋದಯ, ಹಮಾರಾ ಅಂತರಿಕ್ಷಯಾನ್ ಸಂಕಟ್ ಮೇ ಹೈ" ಎಂಬ ಪಂಡಿತರ ಹಿಂದಿ ಆಕೆಗೆ ಮಂತ್ರದ ಹಾಗೆ ಕೇಳುತ್ತಿತ್ತು. ಅದಕ್ಕೇ ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸ ನನ್ನ ತಲೆಗೆ ಬಂತು. ವಿಜ್ಞಾನದ ಮಾಸ್ತರನಲ್ಲವೇ, ಹಡಗಿನವರ ಸಂಗತಿ ಇವನಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

ವಾರಕ್ಕೊಮ್ಮೆಯಾದರೂ ಆ ಹಡಗು ಅಲ್ಲಾಡುತ್ತಿತ್ತು. ಕ್ಯಾಮೆರಾವನ್ನು ಓರೆ ಮಾಡಿ, ನಟರನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲಿಸುತ್ತಿದ್ದರು. ಹಡಗು ಅಲ್ಲಾಡಿತೋ, ಅಕ್ಕ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಅಂಗಳಕ್ಕೆ ಓಡುತ್ತಿದ್ದಳು. ಪಕ್ಕದ ಮನೆಯಿಂದ ಟಿ.ವಿ. ನೋಡಲು ಬರುತ್ತಿದ್ದ ಮರಾಠಿಯ ಸುಲೋಚನಾ ಕಾಕು ಆಕೆಯ ಹಿಂದೆ. ನಾನು "ಇದು ಟಿ.ವಿ. ಅಕ್ಕಾ, ಟಿ.ವಿ." ಎನ್ನುತ್ತ, ಯಾವುದಕ್ಕೂ ಇರಲಿ ಎಂದು ಅವರಿಬ್ಬರ ಹಿಂದೆ. ನಿಜಕ್ಕೂ ನೆಲ ನಡುಗಿದಾಗ ಯಾರೂ ಅಷ್ಟು ಚಂದವಾಗಿ ವಾಲುವುದಿಲ್ಲ ಎಂಬ ವಿಮರ್ಶೆ ಅಂಗಳದಲ್ಲೇ ಆಗುತ್ತಿತ್ತು. ಆ ವಿಷಯದಲ್ಲಿ ನಮ್ಮೂರಿನವರಷ್ಟು ತಿಳಿದವರು ಬೇರೆ ಯಾರಿದ್ದರು?

ತೊಡಕು ಶುರುವಾದದ್ದು ಎರಡನೆಯ ವಾರ. "ಆ ಗಡ್ಡದಂವಾ ಯಾರ ಪೈಕಿ?" ಎಂದು ಅಕ್ಕ ಕೇಳಿದಳು.

"ಯಾರ ಪೈಕಿನೂ ಅಲ್ಲಕ್ಕಾ. ಅಂವಾ ಕ್ಯಾಪ್ಟನ್."

"ಅದು ನೌಕರಿ ಆತು. ಆ ಹುಡಗಿಗಿ ಅಂವಾ ಏನಾಗಬೇಕು?"

ಏನೂ ಆಗಬೇಕಿಲ್ಲ ಎಂದರೆ ಅಕ್ಕ ಒಪ್ಪುವವಳಲ್ಲ. ಏನೂ ಆಗದವನು ಆ ಹುಡುಗಿಯನ್ನು ಯಾಕೆ ಬೈಯುತ್ತಾನೆ, ಆಕೆಗೆ ಗಾಯವಾದರೆ ಯಾಕೆ ಓಡಿಬರುತ್ತಾನೆ? ಯೋಚಿಸಿದರೆ ಆಕೆ ಕೇಳುವುದೂ ಸರಿಯೇ. ನಮ್ಮ ಹಳೆಯ ಅಲಂಕಾರಶಾಸ್ತ್ರದವರು ಕಣ್ಣೀರು, ಬೆವರು, ನಡುಕ ಇವನ್ನು ಕಂಡು ಒಳಗಿನ ಭಾವವನ್ನು ತಿಳಿಯಬೇಕು ಎಂದರು. ಆದರೆ ಈ ಕ್ಯಾಪ್ಟನ್ ಅಳುವವನಲ್ಲ, ಬೆವರುವವನಲ್ಲ. ಶಾಸ್ತ್ರದ ಎಂಟು ಸಾತ್ವಿಕ ಭಾವಗಳಲ್ಲಿ ಕಂಬದಂತೆ ನಿಂತುಬಿಡುವ ಸ್ತಂಭವೂ ಒಂದು, ಆತನಿಗಿದ್ದದ್ದು ಅದೊಂದೇ. ಅದು ಭಾವವೋ, ನಟನೆ ಬಾರದವನ ಅವಸ್ಥೆಯೋ, ಶಾಸ್ತ್ರಕಾರರೇ ಬಂದಿದ್ದರೂ ತಲೆ ಕೆರೆದುಕೊಳ್ಳುತ್ತಿದ್ದರು. ಅಕ್ಕನ ಶಾಸ್ತ್ರ ಇದಕ್ಕಿಂತ ಸುಲಭದ್ದು. ಸಂಬಂಧ ತಿಳಿದರೆ ಸಾಕು, ಮುಖ ನೋಡುವ ಗರಜೇ ಇಲ್ಲ.

"ಸೋದರಮಾವ ಆಗಬೇಕು" ಎಂದುಬಿಟ್ಟೆ. ಬಾಯಿಗೆ ಅದೇ ಯಾಕೆ ಬಂತೋ ಇವತ್ತಿಗೂ ಗೊತ್ತಿಲ್ಲ. ಕಾಕಾ ಎನ್ನಬಹುದಿತ್ತು, ಅಣ್ಣ ಎನ್ನಬಹುದಿತ್ತು.

ಸೋದರಮಾವ ಎಂದರೆ ಕನ್ನಡದವರಾದ ನಮ್ಮಲ್ಲಿ ಏನೆಂದು ನಿಮಗೆ ಗೊತ್ತೇ ಇದೆ. ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಅವನದು. ಸುವರ್ಣಾಗೆ ಇಪ್ಪತ್ತಾಗಿತ್ತು. ನನಗೂ ಅವಳಿಗೂ ಅಕ್ಷತೆ ಬೀಳುವುದು ಯಾವಾಗ ಎಂದು ಬೀಗರೂ ಬಂಧುಗಳೂ ಎದುರಿಗೇ ಕೇಳುತ್ತಿದ್ದರು. ಅದೇ ಗೋಡೆಯಾಚೆಯ ಕಾಕುವಿಗೆ ಈ ಮಾತು ಕಿವಿಯಲ್ಲಿ ಕೇಳಲಾಗದು. "ಅಗಬಾಈ ಗುರುಜೀ, ಮಾಮಾ ಮ್ಹಣಜೇ ಬಾಪಾಸಾರಖಾ!" ಎಂದು ಗಲ್ಲ ಬಡಿದುಕೊಳ್ಳುವಳು. ಮಾವನೆಂದರೆ ತಂದೆಯ ಸಮಾನ ಅವರಲ್ಲಿ. ಹೀಗಾಗಿ ಅಂದಿನಿಂದ ಒಂದೇ ಕ್ಯಾಪ್ಟನ್ ಕಾಕುವಿನ ಕಣ್ಣಿಗೆ ತಂದೆಯಾಗಿಯೂ ಅಕ್ಕನ ಕಣ್ಣಿಗೆ ಮದುಮಗನಾಗಿಯೂ ಓಡಾಡತೊಡಗಿದ. ಆ ಇಬ್ಬರ ನಡುವೆ ಕೂತಿದ್ದ ನನಗೆ ಮಾತ್ರ ಆತ ಏನೆಂದು ತಿಳಿಯಲಿಲ್ಲ, ನಾನು ಏನೆಂದೂ ತಿಳಿಯಲಿಲ್ಲ. ಸುವರ್ಣಾ ಮೂಲೆಯಲ್ಲಿ ಅಕ್ಕಿಯ ಹರಳು ಆರಿಸುತ್ತ ತಲೆ ಬಗ್ಗಿಸಿಯೇ ಇದ್ದಳು.

ಅಕ್ಕ ಅಷ್ಟಕ್ಕೇ ಬಿಡಲಿಲ್ಲ. "ಹಂಗಾರ ಆಕಿ ಅವ್ವ ಎಲ್ಲಿ ಅದಾಳ?"

ಧಾರಾವಾಹಿಯಲ್ಲಿ ಯಾವ ಅವ್ವನೂ ಇರಲಿಲ್ಲ. ಸತ್ತಳೆಂದು ಹೇಳಲು, ಸಾವಿನ ಮನೆಯಿಂದ ಎದ್ದು ಬಂದವಳೆದುರು, ನಾಲಿಗೆ ಏಳಲಿಲ್ಲ. "ಕೆಳಗ ಅಡಗಿಮನ್ಯಾಗ ಅದಾಳ" ಎಂದೆ.

ಅಲ್ಲಿಂದ ಪ್ರತಿ ವಾರವೂ ವಿಚಾರಣೆ. "ಇವತ್ತೂ ಹೊರಗ ಬರಲಿಲ್ಲೇನು ಆಕಿ?" "ಕೆಲಸ ಭಾಳ ಅದ ಅಕ್ಕಾ." "ಪಾಪ. ಆಕಿನ್ನ ಯಾರರ ಮಾತಾಡಸ್ತಾರಿಲ್ಲೋ?" "ಮಾತಾಡಸ್ತಾರ, ಮಾತಾಡಸ್ತಾರ." ನಾನು ಕಟ್ಟಿದ ಸುಳ್ಳಿಗೆ ನಾನೇ ಹೀಗೆ ಉಪ್ಪು ಖಾರ ಹಾಕುತ್ತ ಹೋದೆ.

ನಮ್ಮ ಮನೆಯ ಅಕ್ಕ ಹೇಗಿದ್ದಳೆಂದರೆ, ಬಂದ ದಿನವೇ ಒಲೆಯ ಮುಂದೆ ಕೂತವಳು ಅಲ್ಲಿಂದ ಏಳುತ್ತಿರಲಿಲ್ಲ. ಕುರ್ಚಿಯಲ್ಲಿ ಕೂರಳು. ನಾವು ಉಂಡಾದ ಮೇಲೆ ಉಳಿದದ್ದನ್ನು ಉಣ್ಣುವಳು. ಒಂದು ಪಾವು ಎಣ್ಣೆ ತರಿಸಲಿಕ್ಕೂ "ತರಸ್ಲೇನೋ ತಮ್ಮಾ?" ಎಂದು ನನ್ನನ್ನು ಕೇಳುವಳು. ನನ್ನನ್ನು ಎತ್ತಿ ಆಡಿಸಿದವಳು! ಆಕೆಯ ಎದೆಯೊಳಗಿನ ಭಯ ಎಂಥದೆಂದು ಕಾಕುವೇ ನನಗೆ ಒಂದು ದಿನ ಬಿಡಿಸಿ ಹೇಳಬೇಕಾಯಿತು. ಸುವರ್ಣಾಳನ್ನು ನಾನು ಮದುವೆಯಾದರೆ ಈ ಮನೆ ಮಗಳ ಮನೆ, ಅಕ್ಕನಿಗೊಂದು ನೆಲೆ. ಬೇರೆಯವಳನ್ನು ತಂದರೆ ಅಕ್ಕ ಏನಾಗಬೇಕು, ಎಲ್ಲಿಗೆ ಹೋಗಬೇಕು? ಬಿದ್ದ ಮನೆಯೊಂದೇ ಆಕೆಯದು.

ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ, ನಾನು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ, ಸುವರ್ಣಾ ಬಂದು ಒಂದು ಕಾಗದ ಮುಂದಿಟ್ಟಳು. ಉದಗೀರದಲ್ಲಿ ನರ್ಸಿಂಗ್ ಕಲಿಯುವ ಅರ್ಜಿ. ಮೂರು ವರ್ಷ, ಅಲ್ಲೇ ವಾಸ. "ಮಾಮಾ, ಇಲ್ಲಿ ಪಾಲಕರ ಸಹಿ ಬೇಕು" ಎಂದಳು. ಮಾಡಿದೆ. "ಅವ್ವಗ ನೀನೇ ಹೇಳು" ಎಂದು ಕಾಗದ ಮಡಚಿಕೊಂಡು ಹೋದಳು.

ಯಾಕೆ ಸಹಿ ಮಾಡಿದೆ? ಆಕೆಗೆ ಕಲಿಯುವ ಆಸೆಯಿತ್ತು, ಅದಕ್ಕೆ ಎಂದರೆ ಕೇಳಲು ಚೆನ್ನಾಗಿದೆ. ಹೆಗಲ ಮೇಲೆ ಹೊತ್ತು ಆಡಿಸಿದ ಕೂಸನ್ನು ಹೆಂಡತಿಯೆಂದು ನೋಡಲು ನನ್ನಿಂದಾಗಲಿಲ್ಲ ಎನ್ನಲೇ? ಹಾಗಾದರೆ ಸಹಿ ಮಾಡಿದ ಮೇಲೆ ಎರಡು ಪೇಪರಿಗೆ ತಪ್ಪು ಅಂಕ ಕೊಟ್ಟು ಕೂತದ್ದು ಯಾಕೆ? ಅಥವಾ ಮದುವೆ ಎಂಬುದಕ್ಕೇ ಹೆದರಿದ್ದೆನೋ ಏನೋ. ಅಷ್ಟೂ ಅಲ್ಲದೆ, ಪೇಪರು ತಿದ್ದುವವನ ಕೈಗೆ ಏನು ಸಿಕ್ಕರೂ ಸಹಿ ಮಾಡಿಬಿಡುವ ಚಟವಿರುತ್ತದೆ. ಅಂತೂ ಅಕ್ಕನಿಗೆ ಅವತ್ತು ಹೇಳಲಿಲ್ಲ, ಧೈರ್ಯ ಸಾಲಲಿಲ್ಲ.

ಮರುದಿನ ಐತವಾರ. ಧಾರಾವಾಹಿಯಲ್ಲಿ ಹಡಗು ಅಲ್ಲಾಡಲಿಲ್ಲ, ನೇರವಾಗಿ ಒಡೆಯುವುದಕ್ಕೇ ಬಂದಿತ್ತು. ಪಾರಾಗಲು ಇದ್ದದ್ದು ಇಬ್ಬರು ಕೂರುವಷ್ಟರ ಒಂದು ಪುಟ್ಟ ನೌಕೆ. ಕ್ಯಾಪ್ಟನ್ ಆ ಹುಡುಗಿಯನ್ನು ತೋಳು ಹಿಡಿದು ಅದರಲ್ಲಿ ಕೂರಿಸಿದ, ಬಾಗಿಲು ಮುಚ್ಚಿದ, ತಾನು ಹೊರಗೆ ನಿಂತ. ಗಾಜಿನಾಚೆ ಆಕೆಯ ಮುಖ, ಈಚೆ ಇವನ ಮುಖ. ಏನಿತ್ತು ಆ ಮುಖದಲ್ಲಿ? ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಗಡ್ಡ ಇತ್ತು. ಕಾಕು ಸೆರಗಿನಿಂದ ಮೂಗೊರೆಸಿ, "ಬಾಪಾಸಾರಖಾ, ಮೀ ಮ್ಹಟಲಂ ಹೋತಂ" ಎಂದಳು, ನಾ ಹೇಳಿರಲಿಲ್ಲವೇ ಎಂದು ಗೆದ್ದವಳಂತೆ.

ಅಕ್ಕ ಧಡಕ್ಕನೆ ಎದ್ದು ನಿಂತಳು. ಅಂಗಳಕ್ಕೆ ಓಡಲಿಲ್ಲ. "ಆಕಿ ಅವ್ವ ಇನ್ನೂ ಒಳಗೇ ಅದಾಳಲ್ಲೋ ತಮ್ಮಾ!" ಎಂದಳು.

ಆ ಅಡಿಗೆಮನೆ ನಾನೇ ಕಟ್ಟಿದ್ದು, ಅದರೊಳಗೆ ಆಕೆಯನ್ನು ಕೂರಿಸಿದ್ದೂ ನಾನೇ. ಈಗ ಹಡಗು ಒಡೆಯುತ್ತಿದೆ, ಇರುವ ಒಂದು ನೌಕೆ ಹೊರಟುನಿಂತಿದೆ. ಅಕ್ಕ ಟಿ.ವಿ.ಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಯೋಚಿಸಲು ಹೊತ್ತಿರಲಿಲ್ಲ.

"ಅದಕ್ಕೇ ಅಂವಾ ಹಿಂದ ಉಳದಾನಲ್ಲ ಅಕ್ಕಾ. ಹುಡಗಿ ಹೋಗ್ಲಿ, ಬದುಕ್ಲಿ. ಅಕ್ಕನ್ನ ಬಿಟ್ಟು ಅಂವಾ ಹ್ಯಾಂಗ ಹೋದಾನು?"

ಅಷ್ಟರಲ್ಲಿ ಲೈಟ್ ಹೋಯಿತು. ಪಂಖಾ ನಿಂತಿತು. ಆ ಪತ್ರಾದ ಕಾವಿನಲ್ಲಿ ನಾಲ್ಕು ಜನ ಕಪ್ಪು ಗಾಜನ್ನು ನೋಡುತ್ತ ಕೂತೆವು. ಇನ್ನು ಹೇಳದೆ ಇರಲಾಗದೆಂದು, "ಸುವರ್ಣಾ ಉದಗೀರಕ್ಕ ಹೊಂಟಾಳ ಕಲೀಲಿಕ್ಕ. ನಾ ಸಹಿ ಮಾಡೀನಿ" ಎಂದೆ. ಅಕ್ಕ ಎದ್ದು ಒಲೆಯ ಕಡೆ ಹೋದಳು. ಸಿಟ್ಟೋ, ದುಃಖವೋ? ಕಾಕುವನ್ನು ಕೇಳಿದೆ, ಆಕೆಗೂ ಗೊತ್ತಾಗಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ, ಕಲ್ಲಿನಡಿಯಿಂದ ತೆಗೆದ ಆ ಜಜ್ಜಿದ ಟ್ರಂಕನ್ನು ಅಕ್ಕ ತಿಕ್ಕಿ ತೊಳೆದು ಬಿಸಿಲಿಗೆ ಇಟ್ಟಿದ್ದಳು. ಸೀಟು ಸಿಕ್ಕ ಮೇಲೆ ಸುವರ್ಣಾ ಅದನ್ನೇ ತೆಗೆದುಕೊಂಡು ಉದಗೀರದ ಬಸ್ಸು ಹತ್ತಿದಳು. ಆ ಟ್ರಂಕು ತೊಳೆದ ವಾರದಿಂದಲೇ ಎಣ್ಣೆ ತರಿಸಲು ಅಕ್ಕ ನನ್ನನ್ನು ಕೇಳುವುದು ನಿಂತುಹೋಯಿತು. ಅದಕ್ಕೂ ಇದಕ್ಕೂ ಏನಾದರೂ ಸಂಬಂಧವಿದೆಯೆಂದು ನನಗೆ ಹೊಳೆಯಲಿಲ್ಲ.

ಸುವರ್ಣಾ ಈಗ ಉದಗೀರದಲ್ಲೇ ಸಿಸ್ಟರ್. ಗಂಡ, ಮಕ್ಕಳು ಎಲ್ಲ ಆಗಿದೆ. ನಾನು ಆಮೇಲೆ ನಿಲಂಗಾದ ಹುಡುಗಿಯನ್ನು ಮದುವೆಯಾದೆ. ಪಕ್ಕಾ ಮನೆ ಕಟ್ಟಿಸಿದೆವು. ಅಡಿಗೆಮನೆ ಮಾತ್ರವಲ್ಲ, ಇಡೀ ಮನೆಯ ಕಾರಭಾರ ಅಕ್ಕನದೇ. ನನ್ನ ಹೆಂಡತಿ, ನಾನು ಇಬ್ಬರೂ ಆಕೆಯ ಹುಕುಂ ಕೇಳುವವರು. ಈ ದೀಪಾವಳಿಗೆ ಬಂದಾಗ ಸುವರ್ಣಾ ಮೊಬೈಲಿನಲ್ಲಿ ಅದೇ ಧಾರಾವಾಹಿ ಹುಡುಕಿ ತೆಗೆದು, "ಮಾಮಾ, ಅವತ್ತು ಲೈಟ್ ಹೋಗಿತ್ತಲ್ಲ, ಉಳದದ್ದು ನೋಡೋಣ ಬಾ" ಎಂದಳು.

ನೋಡಿದೆವು. ಆ ನೌಕೆಯ ಚಿಲಕವೇ ಹೊರಗಡೆ ಇತ್ತಂತೆ! ಯಾರಾದರೊಬ್ಬರು ಹೊರಗೆ ನಿಂತು ಹಾಕಲೇಬೇಕು. ಕ್ಯಾಪ್ಟನ್ ಉಳಿದದ್ದು ಅಷ್ಟಕ್ಕೇ. ಇಷ್ಟು ವರ್ಷ ನಾನು ಆತನಲ್ಲಿ ತ್ಯಾಗ, ಪ್ರೇಮ, ಅಂಜಿಕೆ ಎಲ್ಲವನ್ನೂ ಹುಡುಕಿದ್ದೆ. ಹಡಗು ಪೂರಾ ಬಿಚ್ಚಿಕೊಂಡಿತು, ಒಂದೊಂದು ಕೋಣೆಯೂ ಕಂಡಿತು. ಅಡಿಗೆಮನೆ ಎಲ್ಲೂ ಇರಲಿಲ್ಲ. ನಾನು ಕಳ್ಳನಂತೆ ಅಕ್ಕನ ಕಡೆ ನೋಡಿದೆ.

"ಯಾಕೋ, ಹಂಗ್ಯಾಕ ನೋಡ್ತಿ? ಆ ಹಡಗಿನ್ಯಾಗ ಅಡಗಿಮನಿ ಇಲ್ಲ ಅನ್ನೂದು ನನಗ ಆವಾಗೇ ಗೊತ್ತಿತ್ತು. ಗುಳಗಿ ತಿನ್ನೋರ ಮನ್ಯಾಗ ಒಲಿ ಯಾಕ ಇರ್ತದ?"

ನಾನು ಕೇಳಿಯೇಬಿಟ್ಟೆ. "ಮತ್ತ ಅಷ್ಟು ವಾರ ಆಕಿ ಅವ್ವ ಎಲ್ಲಿ, ಆಕಿ ಅವ್ವ ಎಲ್ಲಿ ಅಂತ ಯಾಕ ಕೇಳ್ತಿದ್ದಿ?"

"ಅಂವಾ ಏನ ಮಾಡ್ತಾನ ಅಂತ ಟಿ.ವಿ. ತೋರಸ್ತಿತ್ತು. ನೀ ಏನ ಮಾಡ್ತಿ ಅನ್ನೂದು ನಾ ಯಾರನ್ನ ಕೇಳ್ಬೇಕಾಗಿತ್ತೋ ತಮ್ಮಾ?"

ಅಷ್ಟು ಹೇಳಿ ಅಕ್ಕ ಮುಖಕ್ಕೆ ಸೆರಗು ಹಚ್ಚಿಕೊಂಡಳು. ಭುಜ ಅಲ್ಲಾಡುತ್ತಿತ್ತು. ನಗುತ್ತಿದ್ದಳೋ, ಅಳುತ್ತಿದ್ದಳೋ? ತಿಳಿಯದೆ, ಪಕ್ಕದಲ್ಲಿ ಕೂತ ಸುವರ್ಣಾಳನ್ನು ಕೇಳಿದೆ.