ಏಳನೇ ಊರಿನ ಹೆಸರು

ಹೋದ ತಿಂಗಳು ಮೆಟ್ಟೂರಿಗೆ ಹೋಗುವ ಬಸ್ಸಿನಲ್ಲಿ ಒಬ್ಬಾಕೆ ಒಣಮೀನಿನ ಬುಟ್ಟಿ ಹೊತ್ತು ಹತ್ತಿದಳು. ಮುಂದಿನ ಸೀಟಿನವರು ಮೂಗು ಮುಚ್ಚಿಕೊಂಡರು. ಕಂಡಕ್ಟರ್ ಗೊಣಗುತ್ತ ಬುಟ್ಟಿಯನ್ನು ಹಿಂದಕ್ಕೆ ತಳ್ಳಿಸಿದ. ಮನೆಯೊಳಗೆ ಮೊಟ್ಟೆಯನ್ನೂ ಬಿಟ್ಟುಕೊಳ್ಳದವರ ಪೈಕಿ ನಾನು, ಆದರೂ ಮುಖ ತಿರುಗಿಸಲಿಲ್ಲ. ಆ ವಾಸನೆ ನನಗೆ ಮೀನಿನದಲ್ಲ. ಸೇಲಂನ ಶೆವ್ವಾಪೇಟೆಯಲ್ಲಿ ಬೆಳ್ಳಿ ಗೆಜ್ಜೆ ಮಾಡುವವರ ಅಂಗಡಿಯ ಹಿಂದೆ ಒಂದು ಕೋಣೆಯಿತ್ತು. ಅಲ್ಲಿ ಕೂತು ಹಳೆಯ ಡಿಜಿಟಲ್ ಟೇಪ್ ರೆಕಾರ್ಡರುಗಳನ್ನು ರಿಪೇರಿ ಮಾಡುತ್ತಿದ್ದವರೊಬ್ಬರು ನೆನಪಿಗೆ ಬಂದರು.

ಆ ಯಂತ್ರಗಳ ಒಳಗೆ ಕೆಪಾಸಿಟರುಗಳಿರುತ್ತವೆ. ವಯಸ್ಸಾದಂತೆ ಅವುಗಳ ಒಳಗಿನ ದ್ರವ ಸೋರುತ್ತದೆ. ಸೋರಿದ ಜಾಗಕ್ಕೆ ಬಿಸಿ ಸಾಲ್ಡರಿಂಗ್ ಕಡ್ಡಿ ತಾಗಿದರೆ ಥೇಟ್ ಒಣಮೀನು ಸುಟ್ಟ ವಾಸನೆ ಏಳುತ್ತದೆ. ಅವರೂ ನಮ್ಮ ಹಾಗೆ ಕನ್ನಡ ಮನೆಯವರು, ಈರುಳ್ಳಿಗೂ ವಾರ ನೋಡುವವರು. ಮಹಡಿಯ ಮೇಲಿದ್ದ ಮನೆಯೊಡತಿ ಎರಡು ಸಲ ಇಳಿದು ಬಂದು ಬಾಣಲೆ ಎಲ್ಲಿದೆ ಎಂದು ಹುಡುಕಿದ್ದಳಂತೆ. ಇವರು ಕೆಪಾಸಿಟರನ್ನು ಅಂಗೈ ಮೇಲಿಟ್ಟು ತೋರಿಸಿದರೂ ಆಕೆ ನಂಬಲಿಲ್ಲವಂತೆ.

ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಕಾಲೇಜೊಂದರ ಲೈಬ್ರರಿಯಲ್ಲಿ ನನಗೆ ಕೆಲಸವಿದ್ದುದರಿಂದ ಅವರು ನನ್ನನ್ನು ಲೈಬ್ರರಿಯಮ್ಮ ಎನ್ನುತ್ತಿದ್ದರು. ಹಿಂದೆ ಭಕ್ತಿಗೀತೆ ಮುದ್ರಿಸುವ ಸ್ಟುಡಿಯೋ ಒಂದರಲ್ಲಿ ಅವರು ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದರು. ಸ್ಟುಡಿಯೋ ಮುಚ್ಚಿದಾಗ ಯಾರಿಗೂ ಬೇಡವಾದ, ಡ್ಯಾಟ್ ಎನ್ನುವ ಈ ಡಿಜಿಟಲ್ ಟೇಪಿನ ರೆಕಾರ್ಡರುಗಳನ್ನು ಮನೆಗೆ ತಂದರು. ಎರಡು ಬೆಂಕಿಪೆಟ್ಟಿಗೆ ಜೋಡಿಸಿದಷ್ಟು ಚಿಕ್ಕ ಕ್ಯಾಸೆಟ್ಟು, ಕೂದಲಿನಷ್ಟು ತಪ್ಪನ್ನೂ ಸಹಿಸದ ಯಂತ್ರ. ಬಿಡಿಭಾಗ ಎಲ್ಲೂ ಸಿಗದ ಕಾಲ ಬಂದಾಗ ಎಲ್ಲೆಲ್ಲಿಂದಲೋ ಪಾರ್ಸೆಲ್‌ಗಳು ಅವರ ಕೋಣೆಗೆ ಬರತೊಡಗಿದವು.

ಅವರು ಕೆಲಸ ಮಾಡುವುದನ್ನು ನೋಡುವುದೇ ಒಂದು ಶಿಕ್ಷೆ. ಒಂದು ಸ್ಕ್ರೂ ತಿರುಗಿಸಲು ಅರ್ಧ ಗಂಟೆ ಯೋಚಿಸುವ ಮನುಷ್ಯ. ಹಳದಿ ತೊಗಲಿನ ಚೂರನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಟೇಪನ್ನು ಓದುವ, ಗಿರಗಿರ ತಿರುಗುವ ಪುಟ್ಟ ಉರುಳೆಗೆ ತಾಗಿಸಿ, ಉಸಿರು ಬಿಗಿಹಿಡಿದು ಒರೆಸುತ್ತಿದ್ದರು. ಯಾರಾದರೂ ಬಾಯಿಂದ ಊದಿ ಧೂಳು ಹಾರಿಸಲು ಹೋದರೆ ಅವರಿಗೆ ಮೈಯೆಲ್ಲ ಉರಿ. ಯಾವ ಸ್ಕ್ರೂ ಮುಟ್ಟುವ ಮೊದಲೂ ಹೆಂಡತಿಯ ಕೆಂಪು ಉಗುರುಬಣ್ಣದಿಂದ ಅದರ ತಲೆಯ ಮೇಲೊಂದು ಗೆರೆ ಎಳೆಯುತ್ತಿದ್ದರು. ಕೆಲಸ ಕೆಟ್ಟರೆ ಇದ್ದ ಜಾಗಕ್ಕೆ ಮರಳಲು ದಾರಿ ಇರಲಿ ಅಂತ. ಕಂಪನಿಯವರೇ ಕರಾರುವಾಕ್ಕಾಗಿ ಮುದ್ರಿಸಿದ ಒಂದು ಮಾದರಿ ಕ್ಯಾಸೆಟ್ಟು, ಅವರ ಮಾತಿನಲ್ಲಿ ಅಳತೆ ಟೇಪು, ಅವರ ಬಳಿ ಇತ್ತು, ಎಲ್ಲ ಯಂತ್ರಗಳನ್ನೂ ಅದಕ್ಕೆ ಹೊಂದಿಸಬೇಕು. ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದರು. ಆಯುಧಪೂಜೆಯ ದಿನ ಡಬ್ಬಿಗೆ ಕುಂಕುಮ, ಹೂವು.

ನನ್ನ ಬಳಿಯೂ ಅಂಥದೊಂದು ಯಂತ್ರವಿತ್ತು, ಅದರ ಕತೆ ಬೇರೆ. ನಮ್ಮ ಕಡೆಯ ಹಾಡುಗಳ ಸಂಶೋಧನೆಗೆಂದು ಬಂದವರೊಬ್ಬರು ಹೊರಡುವಾಗ ಅದನ್ನು ನನಗೇ ಬಿಟ್ಟುಹೋಗಿದ್ದರು. ಅದನ್ನು ಚೀಲದಲ್ಲಿಟ್ಟುಕೊಂಡು ಒಂದು ದಿನ ಮೆಟ್ಟೂರಿನ ಹತ್ತಿರದ ಊರಿಗೆ, ನನ್ನ ದೊಡ್ಡಮ್ಮನ ಮನೆಗೆ ಹೋದೆ. ನಮ್ಮಲ್ಲಿ ಮದುವೆಗೆ ಮುಂಚೆ ಹೆಂಗಸರು ಒನಕೆಗೆ ಮಾವಿನೆಲೆ ಕಟ್ಟಿ ಅರಿಶಿನ ಕುಟ್ಟುತ್ತಾರೆ. ಆಗ ಹೇಳುವ ಹಾಡು ಪೂರ್ತಿ ಬರುತ್ತಿದ್ದದ್ದು ಆ ಹೊತ್ತಿಗೆ ದೊಡ್ಡಮ್ಮನೊಬ್ಬಳಿಗೇ. ಏಳು ಊರುಗಳಿಂದ ಒಂದೊಂದು ಸಾಮಾನು ಬರುವ ಹಾಡು ಅದು. ಹುಣಸೆಪಾಳ್ಯದಿಂದ ಅರಿಶಿನ ಬಂತು, ಗೊಲ್ಲರಟ್ಟಿಯಿಂದ ವೀಳ್ಯ ಬಂತು... ಹೀಗೆ. ಆ ಏಳೂ ಊರುಗಳು ಅಣೆಕಟ್ಟಿನ ನೀರಿನಡಿ ಹೋಗಿವೆ. ದೊಡ್ಡಮ್ಮ ಚಿಕ್ಕ ಹುಡುಗಿಯಾಗಿದ್ದಾಗ ಎತ್ತಿನ ಗಾಡಿಯಲ್ಲಿ ಮಡಕೆಗಳ ನಡುವೆ ಕೂತು ಅಲ್ಲಿಂದ ಎದ್ದು ಬಂದವಳು.

ಅವತ್ತು ಹೋಗುವಾಗ ಬಸ್ಸಿನಲ್ಲಿ ಚೀಲ ತಲೆಮೇಲಿನ ಸಾಮಾನು ಹಲಗೆಯಿಂದ ದೊಪ್ಪನೆ ಬಿತ್ತು. ಎತ್ತಿ ನೋಡಿದೆ, ಯಂತ್ರ ಓಡುತ್ತಿತ್ತು. ಮಧ್ಯಾಹ್ನ ದೊಡ್ಡಮ್ಮ ಹಾಡಿದಳು, ಅಲ್ಲೇ ತಿರುಗಿಸಿ ಕೇಳಿಸಿದೆ. "ನನ್ ಗಂಟ್ಲು ಇಷ್ಟ್ ಕೆಟ್ಟದಾಗೈತಾ ಲೇ?" ಎಂದು ನಕ್ಕಳು. ಆಮೇಲೆ ಯಂತ್ರವೂ ಟೇಪೂ ಬೀರುವಿನಲ್ಲಿ ಕೂತವು. ದೊಡ್ಡಮ್ಮ ತೀರಿಹೋದಳು. ನಕಲು ತೆಗೆಸಬೇಕು, ಇಂದಲ್ಲ ನಾಳೆ ಎನ್ನುತ್ತ ಹದಿನಾಲ್ಕು ಹದಿನೈದು ವರ್ಷ ಕಳೆದೆ. ಕೊನೆಗೆ ಅವಳ ಮೊಮ್ಮಗಳ ಮದುವೆ ಎಂದಾಗ ಯಂತ್ರ ತೆಗೆದರೆ, ಅದಕ್ಕೆ ಜೀವವೇ ಇಲ್ಲ. ಯಾರೋ ಹೇಳಿದರು ಎಂದು ಶೆವ್ವಾಪೇಟೆಗೆ ಒಯ್ದೆ.

"ಟೇಪ್ ತಂದಿದ್ದೀರಾಮ್ಮ?" ಎಂದು ಅಣ್ಣ ಕೇಳಿದ್ದರು. ಇರುವುದೊಂದೇ ಟೇಪು, ಅದನ್ನು ಬಸ್ಸಿನಲ್ಲಿ ಓಡಾಡಿಸಲು ನನಗೆ ಭಯ. ಮೊದಲು ಯಂತ್ರ ಸರಿಯಾಗಲಿ ಎಂದೆ. ತಪ್ಪಿನಲ್ಲಿ ನನ್ನ ಪಾಲು ಅಲ್ಲಿಂದಲೇ ಶುರು.

ಮೂರು ವಾರಕ್ಕೆ ಯಂತ್ರ ಹೊಸ ಮದುವಣಗಿತ್ತಿಯ ಹಾಗೆ ಸಿದ್ಧವಾಯಿತು. ಕೆಪಾಸಿಟರುಗಳೆಲ್ಲ ಹೊಸವು. ಟೇಪಿಗೆ ದಾರಿ ತೋರಿಸುವ ಎರಡು ಕಂಬಿಗಳಲ್ಲಿ ಒಂದು ಕೆಳಗಿಳಿದಿತ್ತಂತೆ, ಅದನ್ನೂ ಅಳತೆ ಟೇಪಿಗೆ ಸರಿಯಾಗಿ ಎತ್ತಿ ಕೂರಿಸಿದ್ದರು. ನಾನು ಟೇಪು ತಂದು ಕೊಟ್ಟೆ. ಅಣ್ಣ ಅದನ್ನು ಒಳಗೆ ಜಾರಿಸಿದರು. ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚಟಚಟ ಸದ್ದು ಬಂತು. ಆಮೇಲೆ ಅದೂ ಇಲ್ಲ.

"ಮಿಷಿನ್ ನೆಟ್ಟಗೈತೆಮ್ಮ. ನಿಮ್ ಟೇಪೇ ಸೊಟ್ಟ" ಎಂದರು.

ನನಗೆ ಕೆಂಡದಂಥ ಸಿಟ್ಟು ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವರ ಮುಖಕ್ಕೇ ಹೇಳಿದೆ. ಅವರು ಸಿಗ್ನಲ್ಲನ್ನು ಗೆರೆಯಾಗಿ ತೋರಿಸುವ ಸ್ಕೋಪಿನ ಪರದೆಯಲ್ಲಿ ಓಡುತ್ತಿದ್ದ ಹಸಿರು ಪಟ್ಟಿಯನ್ನೇ ನೋಡುತ್ತಿದ್ದರು. ಎಲ್ಲ ಸರಿಯಿದ್ದರೆ ಅದು ಸೀರೆಯ ಅಂಚಿನ ಹಾಗೆ ಒಂದೇ ಅಗಲ ಇರಬೇಕಂತೆ. ನನ್ನ ಟೇಪಿಗೆ ಅದು ಒಂದು ಬದಿಯಲ್ಲಿ ಸವೆದು ದಾರದಷ್ಟಾಗಿತ್ತು.

"ಈ ಮಿಷಿನ್ ಯಾವತ್ತಾನ ಬಿದ್ದಿತ್ತಾ?"

"ಬಿದ್ದಿತ್ತು. ಮೆಟ್ಟೂರ್ ಬಸ್ಸಲ್ಲಿ, ಮೇಲಿಂದ."

"ರೆಕಾರ್ಡ್ ಆಗಿದ್ದು ಬೀಳಾಕೆ ಮುಂಚೇನಾ, ಬಿದ್ ಮ್ಯಾಲಾ?"

"ಬಿದ್ ಮೇಲೆ ಅಣ್ಣಾ. ಅವತ್ತೇ ಮಧ್ಯಾನ."

ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. "ಅಯ್ಯೋ ಕಡವುಳೇ" ಎಂದು ಮೆಲ್ಲಗೆ ತಮಿಳಿನಲ್ಲಿ ದೇವರನ್ನು ಕರೆದರು. ಆಮೇಲೆ, "ಸೊಟ್ಟ ಕೂತ್ಕಂಡು ಬರ್ದಿದ್ನ ಸೊಟ್ಟ ಕೂತ್ಕಂಡೇ ಓದಬೇಕಮ್ಮ. ನಾನ್ ಓಗಿ ಅದನ್ನ ನೆಟ್ಟಗೆ ಕೂರ್ಸಿಬಿಟ್ನಲ್ಲ" ಎಂದರು.

ಆ ಟೇಪನ್ನು ಓದಬಲ್ಲ ಯಂತ್ರ ಲೋಕದಲ್ಲಿ ಇದ್ದದ್ದು ಒಂದೇ, ಅದೂ ಕೆಟ್ಟು ಕೂತಿದ್ದ ಆ ಭಂಗಿಯಲ್ಲಿ ಮಾತ್ರ. ಹಾಗಾದರೆ ಮತ್ತೆ ಕೆಡಿಸಿ, ನಿಮ್ಮ ಕೆಂಪು ಗೆರೆ ಇದೆಯಲ್ಲ ಎಂದೆ. ಎಷ್ಟೋ ವರ್ಷಗಳಿಂದ ಯಾವ ಸ್ಕ್ರೂವಿಗೂ ತಪ್ಪಿಸದ ಗೆರೆಯನ್ನು ಅಣ್ಣ ಈ ಕಂಬಿಯ ಸ್ಕ್ರೂವೊಂದಕ್ಕೆ ಹಾಕಿರಲಿಲ್ಲ. "ನೋಡಿದ್ ತಕ್ಷಣ ತಪ್ಪು ಅಂತ ತಿಳೀತು. ತಪ್ಪಿಗೆ ಯಾಕೆ ಗುರುತು ಅಂತ ಬಿಟ್ಟೆ."

ಆ ಮಾತಿನ ಮುಂದೆ ನನ್ನ ಸಿಟ್ಟು ನಿಲ್ಲಲಿಲ್ಲ. ಹಾಗಂತ ಕ್ಷಮಿಸಿದೆ ಎಂದೂ ಅಲ್ಲ. ಯಂತ್ರವನ್ನೂ ಟೇಪನ್ನೂ ಅವರಲ್ಲೇ ಬಿಟ್ಟು ಮನೆಗೆ ಬಂದೆ.

ಆಮೇಲೆ ಸುಮಾರು ಏಳು ತಿಂಗಳು ಅವರು ಆ ತಪ್ಪನ್ನು ಹುಡುಕಿದರು. ಒಂದು ಕಾಗದದ ಮೇಲೆ ಗಡಿಯಾರದ ಮುಖ ಬರೆದುಕೊಂಡು, ಕಂಬಿಯ ಸ್ಕ್ರೂವನ್ನು ಮುಳ್ಳಿನ ಹಾಗೆ ಎಳ್ಳಷ್ಟು ಎಳ್ಳಷ್ಟೇ ಸರಿಸುತ್ತ ಹೋಗುವುದು. ಟೇಪು ಹಳೆಯದು, ಪದೇ ಪದೇ ಓಡಿಸಿದರೆ ಅಂಚು ಸುರುಟಿಕೊಳ್ಳುತ್ತದೆ, ಹಾಗಾಗಿ ದಿನಕ್ಕೆ ಒಂದೇ ಸಲ. ಅದೂ ಮುಂದಿನ ಅಂಗಡಿಯ ಗೆಜ್ಜೆಯವರು ಊಟಕ್ಕೆ ಎದ್ದು ಸುತ್ತಿಗೆಗಳ ಸದ್ದು ನಿಂತ ಅರ್ಧ ಗಂಟೆಯಲ್ಲಿ. ಹಸಿರು ಪಟ್ಟಿ ಹೇಳುವುದು ಅರ್ಧ ಸತ್ಯ, ಉಳಿದದ್ದು ಕಿವಿಗೇ ತಿಳಿಯಬೇಕು ಎನ್ನುತ್ತಿದ್ದರು. ಪಾರ್ಸೆಲ್‌ಗಳು ಮೂಲೆಯಲ್ಲಿ ಬಿಚ್ಚದೆ ಬಿದ್ದಿರುತ್ತಿದ್ದವು. ನಾನು ಶನಿವಾರಗಳಲ್ಲಿ ಹೋಗುತ್ತಿದ್ದೆ. ಮೊಮ್ಮಗಳ ಮದುವೆ ಹಾಡಿಲ್ಲದೇ ಮುಗಿದುಹೋಗಿತ್ತು, ಅದನ್ನು ಅವರಿಗೆ ಹೇಳಲಿಲ್ಲ.

ತಮ್ಮ ಬದುಕಿಡೀ ಯಂತ್ರಗಳನ್ನು ನೇರ ಮಾಡಿದವರಿಗೆ, ಒಂದನ್ನು ಸರಿಯಾಗಿ ಸೊಟ್ಟ ಮಾಡುವುದು ಎಷ್ಟು ಕಷ್ಟವೆಂದು ಆ ಶನಿವಾರಗಳಲ್ಲಿ ಕಂಡೆ. ಕೈ ತನ್ನಷ್ಟಕ್ಕೆ ಸರಿಯಾದ ಜಾಗದ ಕಡೆಗೇ ಎಳೆಯುತ್ತದಂತೆ.

ಒಂದು ಶನಿವಾರ ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗಿಂದ ದೊಡ್ಡಮ್ಮ ಕೆಮ್ಮಿದಳು.

ಹಾಡು ಶುರುವಾಗುವ ಮುಂಚಿನ ಕೆಮ್ಮು. ಆಮೇಲೆ ಧ್ವನಿ ಎದ್ದು ಬಂತು, ಪಕ್ಕದಲ್ಲೇ ಕೂತ ಹಾಗೆ... ಅಣ್ಣ ನನ್ನ ಕಡೆ ತಿರುಗಲೇ ಇಲ್ಲ, ಒಂದು ಬೆರಳೆತ್ತಿ ಸುಮ್ಮನಿರಲು ಸನ್ನೆ ಮಾಡಿದರು. ಕಂಪ್ಯೂಟರಿನಲ್ಲಿ ಅದು ನಕಲಾಗುತ್ತಿತ್ತು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತು ಅತ್ತೆ. ಒಂದನೇ ಊರಿಂದ ಅರಿಶಿನ ಬಂತು, ಎರಡನೆಯದರಿಂದ ವೀಳ್ಯ, ಹಾಗೇ ಆರು ಊರು ದಾಟಿತು. ಏಳನೆಯದರ ಹೆಸರು ಬರಬೇಕಾದ ಕಡೆ ಧ್ವನಿ ತಟ್ಟನೆ ಕಡಿದುಹೋಯಿತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಮತ್ತೆ "...ದಿಂದ ಒನಕೆ ಬಂತು" ಎಂದು ಹಾಡು ಮುಂದುವರಿದು ಕೊನೆಮುಟ್ಟಿತು.

ಅಣ್ಣ ತೃಪ್ತರಾಗಲಿಲ್ಲ. ಇನ್ನೊಂದು ಕೂದಲೆಳೆ ಸರಿಸಿದರೆ ಅದೂ ಬರುತ್ತದೆ, ಇನ್ನೊಂದು ಸಲ ಓಡಿಸೋಣ ಎಂದರು. ನಾನು ಟೇಪು ಹೊರತೆಗೆದು ನೋಡಿದೆ. ಅಂಚು ಅಲ್ಲಲ್ಲಿ ಮುದುರಿತ್ತು. "ಸಾಕು ಅಣ್ಣಾ" ಎಂದು ಚೀಲದಲ್ಲಿ ಹಾಕಿಕೊಂಡೆ. ಯಂತ್ರವನ್ನು ಅವರಲ್ಲೇ ಬಿಟ್ಟೆ. ಈ ಸಲ ಸ್ಕ್ರೂವಿನ ಮೇಲೆ ಗೆರೆ ಎಳೆದಿದ್ದರು, ಬೇರೆ ಯಾರೂ ಮುಟ್ಟದಂತೆ ಮುಚ್ಚಳಕ್ಕೆ ಅಂಟುಪಟ್ಟಿ ಸುತ್ತಿದ್ದರು.

ಅಲ್ಲಿಂದ ಮುಂದೆ ನಾಲ್ಕೈದು ವರ್ಷ, ಮಾರ್ಕೆಟ್ಟಿನಲ್ಲಿ ಸಿಗಲಿ, ಯಾರದೋ ಮನೆಯ ಸೀಮಂತದಲ್ಲಿ ಸಿಗಲಿ, ಅವರದು ಒಂದೇ ಮಾತು. "ಲೈಬ್ರರಿಯಮ್ಮ, ಒಂದೇ ಒಂದ್ ಸಲ ಕೊಡಿ. ಆ ಒಂದ್ ಊರು ತೆಗೆದ್ಬಿಡ್ತೀನಿ." ನಾನು ನಗುತ್ತ ಏನಾದರೊಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಟೇಪು ಹಾಳಾದೀತೆಂಬ ಭಯ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಒಪ್ಪಿಕೊಳ್ಳುತ್ತೇನೆ, ಭಯ ಅರ್ಧ, ಒಂದು ಸಲ ತಪ್ಪಿದ ಕೈ ಎಂಬ ಅನುಮಾನ ಇನ್ನರ್ಧ. ಅದು ಅವರಿಗೂ ಗೊತ್ತಿದ್ದಿರಬೇಕು. ಗೊತ್ತಿದ್ದೂ ಕೇಳುತ್ತಿದ್ದರು.

ಅವರು ತೀರಿಕೊಂಡದ್ದು ನನಗೆ ತಿಳಿದದ್ದು ಹನ್ನೊಂದು ದಿನಗಳಾದ ಮೇಲೆ. ಹೋದೆ. ಕೋಣೆ ಖಾಲಿ ಮಾಡಿದ್ದರು. ಗೆಜ್ಜೆಯವರು ಅಲ್ಲಿ ಬೆಳ್ಳಿ ಕರಗಿಸುವ ಒಲೆ ಇಡುವವರಿದ್ದರು. ಯಂತ್ರಗಳನ್ನೆಲ್ಲ ಯಾರೋ ಗಾಡಿಯಲ್ಲಿ ಒಯ್ದರಂತೆ, ನನ್ನದೂ ಅದರಲ್ಲಿ ಹೋಗಿತ್ತು. ಮನೆಯಲ್ಲಿ ಅವರ ಹೆಂಡತಿ ಕಾಫಿ ಕೊಟ್ಟರು. "ನಿಮ್ ಟೇಪ್ ಬಗ್ಗೆ ಆಸ್ಪತ್ರೇಲೂ ಕೇಳ್ತಿದ್ರಮ್ಮ" ಎಂದರು. ನಾನು ಕಾಫಿ ಕುಡಿದು ಬಂದೆ. ಕೊಟ್ಟಿದ್ದರೆ ಏನಾಗುತ್ತಿತ್ತು? ಹೆಚ್ಚೆಂದರೆ ಟೇಪು ಹರಿಯುತ್ತಿತ್ತು. ಬೀರುವಿನಲ್ಲಿ ಓದುವವರಿಲ್ಲದೆ ಕೂತಿರುವುದಕ್ಕೂ ಅದಕ್ಕೂ ಏನು ದೊಡ್ಡ ವ್ಯತ್ಯಾಸ... 

ಏಳನೇ ಊರು ಯಾವುದೆಂದು ಹಿರಿಯರನ್ನು ಕೇಳದೆ ಬಿಟ್ಟಿಲ್ಲ. ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ, ಹೆಚ್ಚಾಗಿ ತಮ್ಮ ಅಜ್ಜಂದಿರ ಊರನ್ನೇ.

ಹೋದ ತಿಂಗಳು ಬಸ್ಸಿನಲ್ಲಿ ಹೋದದ್ದು ದೊಡ್ಡಮ್ಮನ ಕೊನೆಯ ಮೊಮ್ಮಗಳ ಮದುವೆಗೆ. ಅಂಗಳದಲ್ಲಿ ಒರಳಿಟ್ಟು, ಒನಕೆಗೆ ಮಾವಿನೆಲೆ ಕಟ್ಟಿದ್ದರು. ಆರು ಹುಡುಗಿಯರು ಸುತ್ತ ನಿಂತರು. ಎಲ್ಲರೂ ತಮ್ಮ ತಮ್ಮಲ್ಲಿ ತಮಿಳು ಮಾತಾಡುವವರೇ. ಹಾಡನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡು, ಅಣ್ಣ ತೆಗೆದುಕೊಟ್ಟ ನಕಲನ್ನು ಫೋನಿನಲ್ಲಿ ಕೇಳಿ ಕೇಳಿ ಕಲಿತಿದ್ದಾರೆ. ಚೆನ್ನಾಗಿಯೇ ಹಾಡಿದರು. ದೊಡ್ಡಮ್ಮನ ಎಳೆತ, ಅವಳ ಕೊಂಕು, ಎಲ್ಲ ಹಾಗೇ ಬಂದಿತ್ತು. ಆರು ಊರು ಮುಗಿಯಿತು. ಏಳನೆಯದಕ್ಕೆ ಆರು ಜನವೂ ಒಟ್ಟಿಗೆ ಬಾಯಿ ಮುಚ್ಚಿದರು. ಒನಕೆ ಮೇಲೆತ್ತಿದಲ್ಲೇ ಒಂದು ಉಸಿರು ನಿಂತಿತು. ಆಮೇಲೆ ಒಂದೇ ಸಲಕ್ಕೆ "...ದಿಂದ ಒನಕೆ ಬಂತು" ಎಂದು ಕುಟ್ಟಿದರು.

ಪಕ್ಕದಲ್ಲಿ ಕೂತಿದ್ದ ಬೀಗರ ಕಡೆಯ ಹೆಂಗಸು ನನ್ನ ತೋಳು ಮುಟ್ಟಿ, "ಅಲ್ಲಿ ಒಂಚೂರು ನಿಲ್ಲಿಸ್ತಾರಲ್ಲ, ಏನ್ ಚೆಂದ ಐತೆ ನೋಡಿ! ಹಳೇ ಕಾಲದ ಶಾಸ್ತ್ರನಾ ಅದು?" ಎಂದರು.

ಹೌದೆಂದು ತಲೆಯಾಡಿಸಿದೆ. ಅಲ್ಲಿ ಯಾಕೆ ನಿಲ್ಲುತ್ತದೆ ಎಂದು ಬಲ್ಲವರು ಇಬ್ಬರಿದ್ದೆವು. ಈಗ ನಾನೊಬ್ಬಳು.